ಹದಿನಾಲ್ಕೂಕಾಲು ಅಂಗುಲ ಕತ್ತರಿಸಿದ ಕಾರು

ಕಾರು ಕೊಂಡವರು ಅದಕ್ಕೆ ಏನನ್ನಾದರೂ ಸೇರಿಸುವುದು ವಾಡಿಕೆ. ಸೀಟಿಗೆ ಹೊಸ ಕವರ್, ಮುಂದೆ ಇನ್ನೊಂದು ಜೋಡಿ ದೀಪ, ಒಳಗೆ ಹಾಡಿನ ಪೆಟ್ಟಿಗೆ. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ದೋಣಿ ಕಟ್ಟುವವನೊಬ್ಬ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿದ. ಬಾಗಿಲು ಬೇಡ ಎಂದ, ಚಾವಣಿ ಬೇಡ ಎಂದ, ಉಕ್ಕಿನ ಮೈಯೇ ಬೇಡ ಎಂದ. ಮುಂದೆ ಒಂದು ದಿನ ಕಾರಿನ ತಳವನ್ನೂ ಹದಿನಾಲ್ಕೂಕಾಲು ಅಂಗುಲ ಕತ್ತರಿಸಿ ಬಿಸಾಡಿದ. ಹೀಗೆ ಕಳೆಯುತ್ತ ಕಳೆಯುತ್ತ ಹುಟ್ಟಿದ ಬಂಡಿ ಮರಳಿನ ಮೇಲೆ, ಕಲ್ಲಿನ ಮೇಲೆ, ರಸ್ತೆಯೇ ಇಲ್ಲದ ಕಡೆ ಓಡಿ, ದೊಡ್ಡ ಎಂಜಿನ್ನುಗಳ ಗಾಡಿಗಳನ್ನು ಹಿಂದೆ ಹಾಕಿತು.

ಅವನ ಹೆಸರು ಬ್ರೂಸ್ ಮೇಯರ್ಸ್. ಬಂಡಿಯ ಹೆಸರು ಮೇಯರ್ಸ್ ಮ್ಯಾಂಕ್ಸ್. ಜಗತ್ತಿನ ಎಲ್ಲೇ ಆಗಲಿ, ಮರಳುದಿಬ್ಬದ ಮೇಲೆ ಜಿಗಿಯುವ ಗಿಡ್ಡನೆಯ ‘ಡ್ಯೂನ್ ಬಗ್ಗಿ’ಯ ಚಿತ್ರ ಕಂಡರೆ ಅದರ ಮೂಲ ಬಹುಮಟ್ಟಿಗೆ ಇಲ್ಲಿದೆ.

ದೋಣಿಯವನ ಕೈಗೆ ಕಾರು

1926ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಮೇಯರ್ಸ್ ಎಂಜಿನಿಯರಿಂಗ್ ಪದವೀಧರನಲ್ಲ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದ್ದ. 1945ರ ಮೇ 11ರಂದು ಜಪಾನಿನ ಆತ್ಮಾಹುತಿ ವಿಮಾನಗಳು ‘ಬಂಕರ್ ಹಿಲ್’ ಎಂಬ ಯುದ್ಧನೌಕೆಗೆ ಅಪ್ಪಳಿಸಿ ಸುಮಾರು 400 ಮಂದಿ ಸತ್ತಾಗ ಆತ ಅದೇ ನೌಕೆಯಲ್ಲಿದ್ದ. ಸಮುದ್ರಕ್ಕೆ ಹಾರಿ ಬದುಕಿಕೊಂಡ. ಯುದ್ಧದ ನಂತರ ಚಿತ್ರಕಲೆ ಕಲಿತ, ಅಲೆಗಳ ಮೇಲೆ ಹಲಗೆ ಸವಾರಿ ಮಾಡಿದ, ಹೊಟ್ಟೆಪಾಡಿಗೆ ಫೈಬರ್‌ಗ್ಲಾಸಿನ ದೋಣಿ ಕಟ್ಟಿದ.

ಆ ಕಾಲದಲ್ಲಿ ಪಿಸ್ಮೋ ಕಡಲತೀರದ ಮರಳುದಿಬ್ಬಗಳಲ್ಲಿ ಹವ್ಯಾಸಿಗಳು ಹಳೆ ಕಾರುಗಳನ್ನು ಬಿಚ್ಚಿ, ದೊಡ್ಡ ಎಂಜಿನ್ ಕೂರಿಸಿ ಓಡಿಸುತ್ತಿದ್ದರು. ಶಕ್ತಿ ಬೇಕಾದಷ್ಟಿತ್ತು, ಭಾರವೂ ಅಷ್ಟೇ ಇತ್ತು. ಅವುಗಳ ನಡುವೆ ಮೈ ಕಳಚಿದ ಫೋಕ್ಸ್‌ವ್ಯಾಗನ್ ಬೀಟಲ್‌ಗಳು ಸಲೀಸಾಗಿ ದಿಬ್ಬ ಹತ್ತುವುದು ಮೇಯರ್ಸ್‌ನ ಕಣ್ಣಿಗೆ ಬಿತ್ತು.

ಕಾರಣ ಸರಳ. ಬೀಟಲ್‌ನ ಎಂಜಿನ್ ಇರುವುದು ಹಿಂದುಗಡೆ, ಹಿಂಬದಿಯ ಅಚ್ಚಿಗಿಂತಲೂ ಹಿಂದೆ. ಗಾಡಿಯನ್ನು ತಳ್ಳುವುದೂ ಹಿಂದಿನ ಚಕ್ರಗಳೇ. ತಳ್ಳುವ ಚಕ್ರದ ಮೇಲೆ ಭಾರವಿದ್ದರೆ ಅದಕ್ಕೆ ನೆಲದ ಹಿಡಿತ ಸಿಗುತ್ತದೆ. ಮುಂದಿನ ಚಕ್ರಗಳು ಹಗುರವಾದ್ದರಿಂದ ಮರಳಿನಲ್ಲಿ ಹೂತುಕೊಳ್ಳದೆ ತೇಲಿಕೊಂಡು ಹೋಗುತ್ತವೆ. ಎಂಜಿನ್ ಗಾಳಿಯಿಂದಲೇ ತಣಿಯುವಂಥದ್ದು. ರೇಡಿಯೇಟರ್ ಇಲ್ಲ, ನೀರಿಲ್ಲ, ಮರುಭೂಮಿಯಲ್ಲಿ ನೀರು ಕುದಿದು ಗಾಡಿ ನಿಲ್ಲುವ ಭಯವಿಲ್ಲ.

ಮೈಯೇ ಚೌಕಟ್ಟು

ಮೇಯರ್ಸ್ ತನ್ನ ಮೊದಲ ಬಂಡಿಯನ್ನು ನ್ಯೂಪೋರ್ಟ್ ಬೀಚ್ ಎಂಬಲ್ಲಿ ಕಟ್ಟಿ 1964ರಲ್ಲಿ ಮುಗಿಸಿದ. ಬಣ್ಣ ಕೆಂಪಾದ್ದರಿಂದ ಮುಂದೆ ಅದಕ್ಕೆ ‘ಓಲ್ಡ್ ರೆಡ್’ ಎಂಬ ಹೆಸರು ನಿಂತಿತು. ತನಗೆ ಗೊತ್ತಿದ್ದ ದೋಣಿಯ ವಿದ್ಯೆಯನ್ನೇ ಆತ ಕಾರಿಗೆ ಹಚ್ಚಿದ. ಮೊದಲು ಅಚ್ಚು ಮಾಡುವುದು. ಅದರೊಳಗೆ ಗಾಜಿನ ಎಳೆಗಳ ಚಾಪೆ ಹಾಸಿ ಪಾಲಿಯೆಸ್ಟರ್ ರಾಳ ಸವರುವುದು. ಪದರದ ಮೇಲೆ ಪದರ ಕೂರಿಸಿ ಗಟ್ಟಿಯಾದ ಮೇಲೆ ಎತ್ತಿದರೆ ಇಡೀ ಮೈ ಒಂದೇ ತುಂಡಾಗಿ ಕೈಗೆ ಬರುತ್ತದೆ.

ಇಷ್ಟು ತೆಳುವಾದ ಮೈಗೆ ಬಲ ಎಲ್ಲಿಂದ? ಒಂದು ಹಾಳೆ ಕಾಗದದ ಅಂಚು ಹಿಡಿದು ನೋಡಿ, ಜೋತು ಬೀಳುತ್ತದೆ. ಅದನ್ನೇ ತುಸು ಕಮಾನಿನಂತೆ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಮ್ಯಾಂಕ್ಸ್‌ನ ಉಬ್ಬಿದ ಮಡ್‌ಗಾರ್ಡು, ಗುಂಡನೆಯ ಮೂತಿ ಬರಿಯ ಚೆಂದಕ್ಕಲ್ಲ, ಆ ಬಾಗೇ ಅದರ ಬಲ. ಮಾಲಿಕನ ಚಿತ್ರಕಲೆ ಇಲ್ಲಿ ಉಪಯೋಗಕ್ಕೆ ಬಂತು. ಗಿಡ್ಡ ಬಾಲದ ಈ ಬಂಡಿಗೆ, ಬಾಲವಿಲ್ಲದ ಮ್ಯಾಂಕ್ಸ್ ಬೆಕ್ಕಿನ ಹೆಸರು ಸರಿಯಾಗಿ ಹೊಂದಿತು.

ಆದರೆ ಮೊದಲ ವಿನ್ಯಾಸದಲ್ಲಿ ಒಂದು ತೊಡಕಿತ್ತು. ಅದರಲ್ಲಿ ಬೇರೆ ಚಾಸಿ ಇರಲಿಲ್ಲ, ಉಕ್ಕಿನ ಬಲ ಕೊಟ್ಟ ಮೈಯೇ ಚೌಕಟ್ಟಾಗಿತ್ತು. ಕಟ್ಟುವುದು ಕಷ್ಟ, ಖರ್ಚೂ ಹೆಚ್ಚು. ಹನ್ನೆರಡು ಬಂಡಿ ಆಗುವಷ್ಟರಲ್ಲಿ ಮೇಯರ್ಸ್ ಅದನ್ನು ಕೈಬಿಟ್ಟ.

ಕತ್ತರಿಸಿ ಬೆಸೆದದ್ದು

ಎರಡನೆಯ ಉಪಾಯ ಇನ್ನೂ ಸರಳವಾಗಿತ್ತು. ಬೀಟಲ್‌ನ ಮೈ ಅದರ ಚಪ್ಪಟೆ ತಳಕ್ಕೆ ಬೋಲ್ಟುಗಳಿಂದ ಕೂತಿರುತ್ತದೆ. ಬೋಲ್ಟು ಬಿಚ್ಚಿ ಮೈ ಎತ್ತಿಟ್ಟರೆ ಉಳಿಯುವುದು ಎಂಜಿನ್, ಗೇರು, ಸ್ಟಿಯರಿಂಗು, ನಾಲ್ಕು ಚಕ್ರ. ಬೀಟಲ್‌ನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ ತೊಂಬತ್ತನಾಲ್ಕೂವರೆ ಅಂಗುಲ. ತಳದ ನಡುವಿನಿಂದ ಹದಿನಾಲ್ಕೂಕಾಲು ಅಂಗುಲ ಕತ್ತರಿಸಿ ಎರಡು ತುದಿಗಳನ್ನು ವೆಲ್ಡಿಂಗ್ ಮಾಡಿದರೆ ಅದು ಸುಮಾರು 80 ಅಂಗುಲಕ್ಕೆ ಇಳಿಯುತ್ತದೆ. ಗಾಡಿ ಗಿಡ್ಡವಾದಷ್ಟೂ ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ನೆಲಕ್ಕೆ ತಾಗುವುದಿಲ್ಲ, ಸಣ್ಣ ಜಾಗದಲ್ಲಿ ತಿರುಗುತ್ತದೆ.

ಹೇಳಲು ಎರಡು ವಾಕ್ಯ, ಮಾಡಲು ಎಷ್ಟೋ ರಾತ್ರಿ. ತಳ ಗಿಡ್ಡವಾದರೆ ಅದರ ನಡುವಿನ ಕೊಳವೆಯಲ್ಲಿ ಹಾಯುವ ಗೇರಿನ ಸರಳೂ ಅಷ್ಟೇ ಗಿಡ್ಡವಾಗಬೇಕು. ಕ್ಲಚ್, ಆಕ್ಸಿಲರೇಟರ್ ಕೇಬಲ್ಲುಗಳನ್ನು ಹೊಂದಿಸಬೇಕು. ಬೆಸೆಯುವಾಗ ಎರಡು ತುಂಡು ಕೂದಲೆಳೆಯಷ್ಟು ಸೊಟ್ಟಗಾದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬೆಸುಗೆ ಹಸಿಯಾಗಿ ಉಳಿದರೆ ಮೊದಲ ಜಿಗಿತಕ್ಕೇ ಬಾಯಿ ಬಿಡುತ್ತದೆ. ಅಳತೆ ಹಾಕದೆ ಕತ್ತರಿ ಹಿಡಿದವನಿಗೆ ಈ ಬಂಡಿ ಒಲಿಯುವುದಿಲ್ಲ.

ಅಲ್ಲಿಂದ ಮುಂದೆ ಬದಲಾವಣೆಗಳಿಗೆ ಕೊನೆಯಿಲ್ಲ. ಮರಳಿಗೆ ಅಗಲ ಟೈರು ಬೇಕು. ಅದರಲ್ಲಿ ಗಾಳಿ ಕಡಿಮೆ ಬಿಟ್ಟರೆ ಟೈರು ಒಂಟೆಯ ಪಾದದಂತೆ ಹರಡಿ ಹೂತುಹೋಗದೆ ನಡೆಯುತ್ತದೆ. ಕಲ್ಲಿನ ನೆಲಕ್ಕೆ ಅದೇ ಗಾಳಿ ಸಾಲದು. ಎಂಜಿನ್ ಬದಲಿಸಿದವರೂ ಇದ್ದಾರೆ. 1968ರ ‘ದಿ ಥಾಮಸ್ ಕ್ರೌನ್ ಅಫೇರ್’ ಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಮ್ಯಾಂಕ್ಸ್‌ಗೆ ಷೆವ್ರೊಲೆಟ್ ಕಾರ್ವೇರ್ ಕಾರಿನ ಎಂಜಿನ್ ಕೂರಿಸಲಾಗಿತ್ತು. ಆದರೆ ಒಂದನ್ನು ಬದಲಿಸಿದರೆ ಇನ್ನೊಂದು ತಕರಾರು ತೆಗೆಯುತ್ತದೆ. ಮುಂಭಾಗ ಹಗುರ, ತಳ ಗಿಡ್ಡ, ಎಂಜಿನ್ ಬಿರುಸು ಎಂದಾದರೆ ಏರಿನಲ್ಲಿ ಮುಂದಿನ ಚಕ್ರ ಗಾಳಿಗೇಳುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿ ಪ್ರಯೋಜನವಿಲ್ಲ.

ಬಾಹಾದ ಪರೀಕ್ಷೆ

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಉದ್ದನೆಯ ಪರ್ಯಾಯದ್ವೀಪ. ಅದರ ಉದ್ದಕ್ಕೂ ಹೆದ್ದಾರಿ ಪೂರ್ತಿಯಾದದ್ದು 1973ರಲ್ಲಿ. ಅದಕ್ಕೆ ಮೊದಲು ಬಹುಪಾಲು ಕಲ್ಲು, ದೂಳು, ಒಣಗಿದ ಹಳ್ಳಗಳ ದಾರಿ. 1962ರಲ್ಲಿ ಇಬ್ಬರು ಸವಾರರು ಮೋಟಾರ್ ಸೈಕಲ್ಲಿನ ಮೇಲೆ ಟಿಹ್ವಾನಾದಿಂದ ಲಾ ಪಾಸ್ ಊರನ್ನು ಸುಮಾರು 40 ಗಂಟೆಗಳಲ್ಲಿ ಮುಟ್ಟಿದ್ದರು. 1967ರ ಏಪ್ರಿಲ್‌ನಲ್ಲಿ ಮೇಯರ್ಸ್ ಮತ್ತು ಗೆಳೆಯ ಟೆಡ್ ಮ್ಯಾಂಗೆಲ್ಸ್ ಅದೇ ‘ಓಲ್ಡ್ ರೆಡ್’ ಏರಿ ಲಾ ಪಾಸ್‌ನಿಂದ ಟಿಹ್ವಾನಾಕ್ಕೆ 34 ಗಂಟೆ 45 ನಿಮಿಷಗಳಲ್ಲಿ ಬಂದರು.

ಸುದ್ದಿ ಹಬ್ಬಿತು. ಅದೇ ವರ್ಷ ಅಕ್ಟೋಬರ್ 31ರಂದು ‘ಮೆಕ್ಸಿಕನ್ 1000’ ಎಂಬ ಪಂದ್ಯವೇ ಏರ್ಪಟ್ಟಿತು. ಇಂದು ಹೆಸರಾದ ‘ಬಾಹಾ 1000’ಕ್ಕೆ ಅದೇ ಬೇರು. ಹೊರಟ 68 ವಾಹನಗಳಲ್ಲಿ ಗುರಿ ಮುಟ್ಟಿದ್ದು 31 ಮಾತ್ರ. ವಿಕ್ ವಿಲ್ಸನ್ ಮತ್ತು ಮ್ಯಾಂಗೆಲ್ಸ್ ಮ್ಯಾಂಕ್ಸ್ ಓಡಿಸಿ 27 ಗಂಟೆ 38 ನಿಮಿಷಗಳಲ್ಲಿ ಗೆದ್ದರು. ಮುರಿಯದೆ ಉಳಿದದ್ದೇ ಗೆಲುವು ಎಂಬುದು ಅಂಥ ದಾರಿಯ ಪಾಠ.

ನಕಲಿಗೆ ಸೋತವ

ಕೀರ್ತಿ ಬಂದಂತೆ ಕಾಪಿ ಮಾಡುವವರೂ ಬಂದರು. ಫೈಬರ್‌ಗ್ಲಾಸಿನ ಗುಣವೇ ಅದಕ್ಕೆ ಮುಳುವಾಯಿತು. ಒಂದು ಮ್ಯಾಂಕ್ಸ್ ಕೊಂಡು ಅದರ ಮೇಲೆಯೇ ಅಚ್ಚು ತೆಗೆದರೆ ಸಾಕು, ನಾಳೆಯಿಂದ ನೀವೂ ತಯಾರಕರು. ಮೇಯರ್ಸ್ ಪೇಟೆಂಟ್ ಹಿಡಿದು ನ್ಯಾಯಾಲಯಕ್ಕೆ ಹೋದ. ಅಲ್ಲಿ ಪೇಟೆಂಟ್ ನಿಲ್ಲಲಿಲ್ಲ. ಆತನ ಕಂಪೆನಿ ಮಾಡಿದ್ದು ಕೆಲವು ಸಾವಿರ ಬಂಡಿ. ಬೇರೆಯವರು ಮಾಡಿದ ನಕಲುಗಳು ಲಕ್ಷ ದಾಟಿದವೆಂದು ಅಂದಾಜು. 1970ರಲ್ಲಿ ಆತ ಬೇಸತ್ತು ಕಂಪೆನಿ ಬಿಟ್ಟ. ಅದು ಹೆಚ್ಚು ದಿನ ಬಾಳಲೂ ಇಲ್ಲ.

ಹೊಸದನ್ನು ಕಂಡುಹಿಡಿಯುವುದು ಒಂದು ವಿದ್ಯೆ, ಅದನ್ನು ಕಾಪಾಡಿಕೊಳ್ಳುವುದು ಇನ್ನೊಂದು ವಿದ್ಯೆ. ಮೇಯರ್ಸ್‌ಗೆ ಮೊದಲನೆಯದು ಮಾತ್ರ ಒಲಿದಿತ್ತು. ಆದರೂ ಬಂಡಿ ಪ್ರೇಮಿಗಳು ಆತನನ್ನು ಮರೆಯಲಿಲ್ಲ. 1994ರಲ್ಲಿ ಮ್ಯಾಂಕ್ಸ್ ಕ್ಲಬ್ ಹುಟ್ಟಿತು. 2014ರಲ್ಲಿ ‘ಓಲ್ಡ್ ರೆಡ್’ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು. 2021ರ ಫೆಬ್ರುವರಿಯಲ್ಲಿ, 94ನೆಯ ವಯಸ್ಸಿನಲ್ಲಿ ಮೇಯರ್ಸ್ ತೀರಿಕೊಂಡ.

ಕಾಲೇಜಿನ ವರ್ಕ್‌ಶಾಪಿಗೆ

ಬಾಹಾದ ಹೆಸರು ಮರುಭೂಮಿಯಲ್ಲೇ ಉಳಿಯಲಿಲ್ಲ. 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಬಗ್ಗಿ ಕಟ್ಟುವ ಸ್ಪರ್ಧೆ ಆರಂಭವಾಯಿತು. ಅದೇ ಇಂದಿನ ‘ಬಾಹಾ ಎಸ್‌ಎಇ’. 2007ರಲ್ಲಿ ಅದರ ಭಾರತೀಯ ಸ್ಪರ್ಧೆ ಮಧ್ಯಪ್ರದೇಶದ ಇಂದೂರಿನ ಬಳಿಯ ಪೀಥಂಪುರದಲ್ಲಿ ಶುರುವಾಯಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳೂ ಅದರಲ್ಲಿ ಭಾಗವಹಿಸಿವೆ.

ಮೂಲ ಸ್ಪರ್ಧೆಯ ಜಾಣತನ ಇರುವುದು ಅದರ ನಿಯಮದಲ್ಲಿ. ಎಲ್ಲರಿಗೂ ಒಂದೇ ಬಗೆಯ ಸಣ್ಣ ಎಂಜಿನ್, ಅದನ್ನು ಬಿಚ್ಚಿ ಬಲಪಡಿಸುವಂತಿಲ್ಲ. ಅಲ್ಲಿಗೆ ದುಡ್ಡಿದ್ದವರು ದೊಡ್ಡ ಎಂಜಿನ್ ತಂದು ಗೆಲ್ಲುವ ದಾರಿ ಮುಚ್ಚಿತು. ಉಳಿದದ್ದು ಮೇಯರ್ಸ್ ಹಿಡಿದ ದಾರಿಯೇ: ಭಾರ ಇಳಿಸು, ಹಿಡಿತ ಹೆಚ್ಚಿಸು, ಮುರಿಯದಂತೆ ಕಟ್ಟು. ನಾಲ್ಕು ಗಂಟೆಗಳ ಸಹಿಷ್ಣುತೆಯ ಓಟದಲ್ಲಿ ಬೆಸುಗೆಯ ಗುಟ್ಟೆಲ್ಲ ಬಯಲಾಗುತ್ತದೆ. ಬಂಡಿ ಓಡಿದರಷ್ಟೇ ಸಾಲದು. ಹೀಗೇಕೆ ಕಟ್ಟಿದಿರಿ, ಎಷ್ಟು ಖರ್ಚಾಯಿತು ಎಂಬುದಕ್ಕೂ ತಂಡ ಲೆಕ್ಕ ಒಪ್ಪಿಸಬೇಕು.

ಹೆತ್ತವರ ಆತಂಕಕ್ಕೂ ನಿಯಮಗಳಲ್ಲಿ ಉತ್ತರವಿದೆ. ಗಾಡಿ ಮಗುಚಿದರೆ ಚಾಲಕನ ತಲೆ ಕಾಯಲು ಉಕ್ಕಿನ ಕೊಳವೆಯ ಪಂಜರ, ಹೆಲ್ಮೆಟ್, ಐದು ಕಡೆ ಬಿಗಿಯುವ ಪಟ್ಟಿ, ಎಂಜಿನ್ ತಕ್ಷಣ ನಿಲ್ಲಿಸಲು ಒಳಗೊಂದು ಹೊರಗೊಂದು ಸ್ವಿಚ್ಚು ಇರಲೇಬೇಕು. ಐದು ಸೆಕೆಂಡಿನೊಳಗೆ ಚಾಲಕ ಹೊರಬರಬೇಕು. ತಪಾಸಣೆಯಲ್ಲಿ ಸೋತ ಬಂಡಿಗೆ ಓಟವಿಲ್ಲ. ಇಂಥ ಏರ್ಪಾಡಿನ ಹೊರಗೆ, ಮನೆಯ ಹಿತ್ತಲಲ್ಲಿ ಕಟ್ಟಿದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ನೋಂದಾಯಿತ ವಾಹನದ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನೂ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ.

ಮನೆಯಲ್ಲಿ ಗಡಿಯಾರ, ಮಿಕ್ಸಿ, ಸೈಕಲ್ಲು ಬಿಚ್ಚಿ ಹರಡಿಕೊಂಡು ಕೂರುವ ಮಕ್ಕಳು ಬೈಗುಳ ತಿನ್ನುವುದೇ ಹೆಚ್ಚು. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಹಟ ಅವರಲ್ಲಿದ್ದರೆ ಬೈಯುವ ಬದಲು ಒಂದು ಅಳತೆಪಟ್ಟಿ ಕೊಟ್ಟು ನೋಡಬಹುದು. ಕಾರಿನ ತಳವನ್ನು ಎಷ್ಟು ಕತ್ತರಿಸಬೇಕೆಂದು ಮೇಯರ್ಸ್‌ಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಅಳೆದ, ಕತ್ತರಿಸಿದ, ಬೆಸೆದ, ಓಡಿಸಿ ನೋಡಿದ.