ಅಂಕಿತನಾಮವು ರೂಢನಾಮವಾಗುವ ಬಗೆ: ‘ಜೆರಾಕ್ಸ್’ ಪದದ ವಿವೇಚನೆ

ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಅನುಸರಿಸಿ ಕನ್ನಡ ವ್ಯಾಕರಣಗಳು ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಭಜಿಸುತ್ತ ಬಂದಿವೆ. ಒಂದೇ ಪದ ಈ ಮೂರು ವರ್ಗಗಳಲ್ಲಿಯೂ ಸಂಚರಿಸಬಲ್ಲದೆಂಬುದಕ್ಕೆ ‘ಜೆರಾಕ್ಸ್’ ನಿದರ್ಶನವಾಗಿದೆ.

ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಸಾಧಿಸಿದ, ದ್ರವದ ಅಗತ್ಯವಿಲ್ಲದ ಪ್ರತಿಮುದ್ರಣ ವಿಧಾನಕ್ಕೆ ಮುಂದೆ ‘ಒಣಬರಹ’ ಎಂಬರ್ಥದ ಗ್ರೀಕ್ ಮೂಲಗಳಿಂದ ‘ಜೆರಾಗ್ರಫಿ’ ಎಂಬ ಹೆಸರನ್ನು ಕಟ್ಟಲಾಯಿತು. ಇದು ಅನ್ವರ್ಥ. ಅದರಿಂದ ರೂಪಿಸಿದ ‘ಜೆರಾಕ್ಸ್’ ಒಂದು ಕಂಪನಿಯ ಸ್ವತ್ತಾದಾಗ ಅಂಕಿತವಾಯಿತು. ಬಳ್ಳಾರಿಯ ಗಾಂಧಿನಗರದಲ್ಲಿ ವಿದ್ಯಾರ್ಥಿಯೊಬ್ಬ ‘ಅಂಕಪಟ್ಟಿ ಜೆರಾಕ್ಸ್ ಮಾಡಿಸಬೇಕು’ ಎನ್ನುವಾಗ ಯಂತ್ರ ಯಾವ ಕಂಪನಿಯದೆಂಬ ಪ್ರಶ್ನೆಯೇ ಏಳದು. ಅಲ್ಲಿ ಅದು ರೂಢ. ಆ ಊರಿನ ತೆಲುಗು ಮನೆಮಾತಿನವರಿಗೂ ಇದೇ ಪದ.

ಕನ್ನಡದ ರಚನೆಯೂ ಈ ಪರಿವರ್ತನೆಗೆ ಒದಗಿಬರುತ್ತದೆ. ಯಾವ ಅನ್ಯದೇಶ್ಯ ನಾಮಕ್ಕಾದರೂ ‘ಮಾಡು’ ಸೇರಿದರೆ ಕ್ರಿಯಾಪದ, ‘ಮಾಡಿಸು’ ಸೇರಿದರೆ ಪ್ರೇರಣಾರ್ಥಕ. ತನ್ನ ಹೆಸರನ್ನು ಕ್ರಿಯಾಪದವಾಗಿ ಬಳಸಬಾರದೆಂದು ಜೆರಾಕ್ಸ್ ಕಂಪನಿ ಜಾಹೀರಾತುಗಳ ಮೂಲಕ ವಿನಂತಿಸಿದ್ದುಂಟು. ಕನ್ನಡದ ಮಟ್ಟಿಗೆ ಇದು ವ್ಯಾಕರಣಕ್ಕೇ ತಡೆಯಾಜ್ಞೆ ಕೇಳಿದಂತೆ! ‘ನೆರಳಚ್ಚು’ ಸೊಗಸಾದ ಪದವೇ. ಆದರೆ ಅಂಗಡಿಯ ಫಲಕವೇರಿದ್ದು ಕಡಿಮೆ.

ಆ ಫಲಕಕ್ಕೆ ಕಾನೂನಿನಲ್ಲಿ ವಿಶೇಷ ಮಹತ್ತ್ವವಿದೆ. ಅಮೆರಿಕದ 1921ರ ಆಸ್ಪಿರಿನ್ ಪ್ರಕರಣದಲ್ಲಿ ಕೊಳ್ಳುವವರು ಆ ಪದದಿಂದ ಏನನ್ನು ಗ್ರಹಿಸುತ್ತಾರೆಂಬುದೇ ಮುಖ್ಯ ಪ್ರಶ್ನೆಯಾಗಿತ್ತು; ಸಾಮಾನ್ಯ ಗ್ರಾಹಕರ ಮಟ್ಟಿಗೆ ಬೇಯರ್ ಕಂಪನಿಯ ಏಕಸ್ವಾಮ್ಯ ಅಲ್ಲಿ ಉಳಿಯಲಿಲ್ಲ. ಭಾರತದ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 36ನೆಯ ಪ್ರಕರಣದ ದೃಷ್ಟಿ ಬೇರೆ. ಪದವು ವಸ್ತುವಿನ ಹೆಸರಾಗಿ ಬಳಕೆಗೊಂಡ ಮಾತ್ರಕ್ಕೆ ನೋಂದಣಿ ಅಸಿಂಧುವಾಗದು. ಅಂಥ ಬಳಕೆ ಆ ವ್ಯವಹಾರದಲ್ಲಿ ತೊಡಗಿದ ಇತರ ವ್ಯಾಪಾರಿಗಳಲ್ಲಿಯೇ ಸುಪರಿಚಿತವಾಗಿ ನೆಲೆಗೊಂಡಿದೆಯೆಂದು ಸಿದ್ಧಪಡಿಸಬೇಕು. ಎಂದರೆ ವಿದ್ಯಾರ್ಥಿಯ ಮಾತಿಗಿಂತ ಅಂಗಡಿಕಾರನ ಬರಹ ಬಲವಾದ ಸಾಕ್ಷ್ಯ. ಹಾಗಿದ್ದರೂ 2012ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯು (ಇದು 2021ರಲ್ಲಿ ರದ್ದಾಯಿತು) ಜೆರಾಕ್ಸ್ ಹೆಸರನ್ನು ನೋಂದಣಿಯಿಂದ ತೆಗೆಯಲು ಒಪ್ಪಲಿಲ್ಲ. ಭಾಷೆಯಲ್ಲಿ ರೂಢವಾದದ್ದು ಕಾನೂನಿನಲ್ಲಿ ಅಂಕಿತವಾಗಿಯೇ ಉಳಿಯಿತು.

ಇಲ್ಲಿ ನಿಘಂಟುಕಾರರು ಇಕ್ಕಟ್ಟಿಗೆ ಸಿಲುಕುತ್ತಾರೆ. ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ, ನಿಘಂಟು ಒಂದು ಚಿಹ್ನೆಯನ್ನು ಸಾಮಾನ್ಯ ಪದವೆಂಬಂತೆ ಅಚ್ಚಿಸಿದರೆ, ಮುಂದಿನ ಆವೃತ್ತಿಯಲ್ಲಿ ಅದು ನೋಂದಾಯಿತವೆಂದು ಸೂಚಿಸುವಂತೆ ಒಡೆಯರು ಕೇಳಬಹುದು. ನಮ್ಮ ಅಧಿನಿಯಮದಲ್ಲಿ ಅಂಥ ಪ್ರತ್ಯೇಕ ಪ್ರಕರಣವಿಲ್ಲ. ಆದರೆ ವ್ಯಾಜ್ಯದ ಭಯದಿಂದ ಪದವನ್ನೇ ಕೈಬಿಡುವುದು ಬಳಕೆಗೆ ಬಗೆದ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಉಲ್ಲೇಖವನ್ನು ಹೀಗೆ ರಚಿಸಬಹುದು: ‘ಜೆರಾಕ್ಸ್ (ನಾ): ಮೂಲತಃ ಒಂದು ಕಂಪನಿಯ ನೋಂದಾಯಿತ ವ್ಯಾಪಾರ ಚಿಹ್ನೆ, ಆಡುಬಳಕೆಯಲ್ಲಿ, ಯಾವುದೇ ಯಂತ್ರದಿಂದ ತೆಗೆದ ನೆರಳಚ್ಚು ಪ್ರತಿ. ಜೆರಾಕ್ಸ್ ಮಾಡಿಸು (ಕ್ರಿ).’