ರೇಷ್ಮೆಯಲ್ಲಿ ಅಡಗಿದ ದಾರಿ

ಇಂದು ಕೊರಳವಸ್ತ್ರವಾಗಿ, ಗೋಡೆಯ ಅಲಂಕಾರವಾಗಿ ಮೆರೆಯುವ ರೇಷ್ಮೆಯ ಸೈನಿಕ ಭೂಪಟಗಳ ಮೂಲಪ್ರತಿಗಳು ಎರಡನೆಯ ಮಹಾಯುದ್ಧದಲ್ಲಿ ಪ್ರಾಣರಕ್ಷಣೆಯ ಸಾಧನಗಳಾಗಿದ್ದುವು. ಬ್ರಿಟನ್ನಿನಲ್ಲಿ 1939ರಲ್ಲಿ ಸ್ಥಾಪಿತವಾದ ಎಂ.ಐ.9 ಎಂಬ ಗುಪ್ತಶಾಖೆಯ ಕ್ರಿಸ್ಟೋಫರ್ ಕ್ಲೇಟನ್ ಹಟನ್ ಇವುಗಳ ರೂವಾರಿ.

ಶತ್ರುನೆಲದಲ್ಲಿ ಸಿಲುಕಿದ ವೈಮಾನಿಕನಿಗೆ ಪಾರಾಗುವ ದಾರಿ ತಿಳಿಯಬೇಕು. ಕಾಗದವಾದರೋ ಸದ್ದುಮಾಡುತ್ತದೆ, ನೆನೆದರೆ ಹರಿಯುತ್ತದೆ. ರೇಷ್ಮೆಯನ್ನು ಉಡುಪಿನ ಒಳಪದರದಲ್ಲಿಯೇ ಅಡಗಿಸಬಹುದು. ಎಡಿನ್‌ಬರೋದ ಬಾರ್ತಲೊಮ್ಯು ಸಂಸ್ಥೆ ತನ್ನ ಭೂಪಟಗಳನ್ನು ಪ್ರತಿಫಲ ಬಯಸದೆ ಒದಗಿಸಿತು. ಬಟ್ಟೆಯ ಮೇಲೆ ಮಸಿ ಹರಡತೊಡಗಿದಾಗ, ಹಣ್ಣಿನ ಪಾಕವನ್ನು ಗಟ್ಟಿಗೊಳಿಸುವ ಪೆಕ್ಟಿನ್ ಬೆರೆಸಿ ಗೆರೆಗಳನ್ನು ಸ್ಫುಟಗೊಳಿಸಿದರು.

ಯುದ್ಧ ಮುಗಿದರೂ ಅಲ್ಲಿ 1949ರವರೆಗೆ ಬಟ್ಟೆಗೆ ಪಡಿತರವಿತ್ತು. ಮಿಕ್ಕುಳಿದ ಭೂಪಟಗಳನ್ನು ಹೆಂಗಸರು ಉಡುಪುಗಳಾಗಿ ಹೊಲಿದುಕೊಂಡರು. ಇಂದಿನ ಪ್ರತಿಕೃತಿಯನ್ನು ಮೆಚ್ಚಿ ನೋಡುವವರು ಒಂದನ್ನು ನೆನೆಯಬೇಕು: ಮೂಲಪ್ರತಿಯನ್ನು ಅಚ್ಚುಮಾಡಿದುದು ಯಾರ ಕಣ್ಣಿಗೂ ಬೀಳದಿರಲೆಂದು.