ಚಾರ್ಟಿನ ಎತ್ತರಕ್ಕೊಂದು ಲೆಕ್ಕ

ಎಕ್ಸೆಲ್‌ನಲ್ಲಿ ಒಂದಷ್ಟು ಅಂಕಿಗಳನ್ನು ಆಯ್ದು ಚಾರ್ಟ್ ಹಾಕು ಎಂದರೆ 5 ಇಂಚು ಅಗಲ, 3 ಇಂಚು ಎತ್ತರದ ಪೆಟ್ಟಿಗೆಯೊಂದು ಹಾಳೆಯ ಮೇಲೆ ಬಂದು ಕೂರುತ್ತದೆ. ಹತ್ತು ದಿನದ ವ್ಯಾಪಾರವಾದರೂ ಅದೇ ಅಳತೆ, ನೂರು ವರ್ಷದ ಮಳೆಯಾದರೂ ಅದೇ ಅಳತೆ. ಆಮೇಲೆ ನಾವು ಅದರ ಮೂಲೆ ಹಿಡಿದು ಎಳೆಯುತ್ತೇವೆ, ವರದಿಯ ಪುಟದಲ್ಲಿ ಉಳಿದಿರುವ ಜಾಗಕ್ಕೆ ಸರಿಯಾಗಿ. ಈ ಎಳೆದಾಟಕ್ಕೂ ಒಂದು ಲೆಕ್ಕವಿದೆ ಎಂಬುದು ಹೊಳೆಯಲು, ಗ್ರಾಫ್ ಬಳಕೆಗೆ ಬಂದ ಮೇಲೆ ಇನ್ನೂರು ವರ್ಷ ಹಿಡಿಯಿತು.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ದೇಶದ ಆಮದು ರಫ್ತುಗಳನ್ನು ಗೆರೆಗಳಲ್ಲಿ ಎಳೆದು ತೋರಿಸಿದ್ದು 1786ರಲ್ಲಿ. ಗ್ರಾಫನ್ನು ಲಂಬವಾಗಿ ಹಿಗ್ಗಿಸಿದರೆ ಸಣ್ಣ ಏರಿಕೆಯೂ ಭಾರೀ ಏರಿಕೆಯಾಗಿ ಕಾಣುತ್ತದೆ ಎಂದು ಡ್ಯಾರೆಲ್ ಹಫ್ 1954ರಲ್ಲಿ ತಮಾಷೆಯಾಗಿ ಬರೆದು ಮನೆಮಾತಾದರು. ಮೋಸ ಎಲ್ಲಿದೆ ಎಂದು ತಿಳಿಯಿತು, ಆದರೆ ನ್ಯಾಯವಾದ ಆಕಾರ ಯಾವುದು? ಅದು ಬರೆಯುವವರ ರುಚಿಗೋ ಕಾಗದದ ಅಳತೆಗೋ ಬಿಟ್ಟದ್ದಾಗಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್‌ನಲ್ಲಂತೂ ಗ್ರಾಫ್ ಇಡೀ ಪರದೆಯನ್ನು ತುಂಬಿಕೊಳ್ಳುತ್ತಿತ್ತು. ಪರದೆಯ ಆಕಾರವೇ ಗ್ರಾಫಿನ ಆಕಾರ.

ಉತ್ತರ ಬಂದದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ. ಅಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಗ್ರಾಫ್ ನೋಡುವಾಗ ಕಣ್ಣು ಏನನ್ನು ಸರಿಯಾಗಿ ಅಳೆಯುತ್ತದೆ, ಎಲ್ಲಿ ಎಡವುತ್ತದೆ ಎಂದು ಜನರನ್ನು ಕೂರಿಸಿ ಪರೀಕ್ಷಿಸುತ್ತಿದ್ದರು. 1988ರಲ್ಲಿ ಮೆರಿಲಿನ್ ಮೆಕ್‌ಗಿಲ್ ಮತ್ತು ರಾಬರ್ಟ್ ಮೆಕ್‌ಗಿಲ್ ಜೊತೆ ಸೇರಿ ಅವರು ಪ್ರಕಟಿಸಿದ ಲೇಖನದ ವಿಷಯ ಇದೊಂದೇ: ಚೌಕಟ್ಟಿನ ಎತ್ತರ ಮತ್ತು ಅಗಲದ ಅನುಪಾತ.

ಅವರ ತರ್ಕ ಸರಳ. ಗೆರೆಯ ಚಾರ್ಟಿನಲ್ಲಿ ನಾವು ಓದುವುದು ಮುಖ್ಯವಾಗಿ ವೇಗವನ್ನು: ಎಲ್ಲಿ ಬೇಗ ಏರಿತು, ಎಲ್ಲಿ ನಿಧಾನವಾಗಿ ಇಳಿಯಿತು. ವೇಗ ಎಂದರೆ ಗೆರೆಯ ಇಳಿಜಾರು. ಒಂದರ ಎರಡು ಪಟ್ಟು ವೇಗವಾಗಿ ಏರುವ ಇನ್ನೊಂದು ಗೆರೆ ಇದೆ ಎನ್ನಿ. ಚೌಕಟ್ಟು ಹದವಾಗಿದ್ದರೆ ಒಂದು ಸುಮಾರು 35 ಡಿಗ್ರಿಗೆ, ಇನ್ನೊಂದು 55ಕ್ಕೆ ನಿಲ್ಲುತ್ತವೆ. ನಡುವಿನ ಅಂತರ 19 ಡಿಗ್ರಿಗಿಂತ ಹೆಚ್ಚು. ಅದೇ ಚಾರ್ಟಿನ ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿದರೆ ಎರಡೂ ಹೆಚ್ಚುಕಡಿಮೆ ನೆಟ್ಟಗೆ ನಿಂತು ಅಂತರ 4 ಡಿಗ್ರಿಗೆ ಇಳಿಯುತ್ತದೆ. ಹತ್ತು ಪಟ್ಟು ಕುಗ್ಗಿಸಿದರೂ ಅಷ್ಟೇ, ಎರಡೂ ಮಲಗಿಬಿಡುತ್ತವೆ, ಅಂತರ ಮತ್ತೆ 4 ಡಿಗ್ರಿ. ವ್ಯತ್ಯಾಸ ಎದ್ದು ಕಾಣುವುದು ಎರಡು ಗೆರೆಗಳ ಸರಾಸರಿ ಕೋನ 45 ಡಿಗ್ರಿಯ ಹತ್ತಿರ ಇದ್ದಾಗ. ಇದು ಹೈಸ್ಕೂಲಿನ ತ್ರಿಕೋನಮಿತಿ. ಆದರೂ ಇದನ್ನು ಚಾರ್ಟಿನ ಅಳತೆಗೆ ಯಾರೂ ತಂದಿರಲಿಲ್ಲ ಎಂಬುದೇ ನನಗೆ ಸೋಜಿಗ.

ಸೌರಕಲೆಗಳ ಅಂಕಿಗಳಲ್ಲಿ ಇದರ ಮಹಿಮೆ ಕಾಣಬೇಕು. ಸೂರ್ಯನ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಕ್ಲೀವ್‌ಲ್ಯಾಂಡ್ 1749ರಿಂದ 1924ರವರೆಗಿನ ವಾರ್ಷಿಕ ಸಂಖ್ಯೆಗಳನ್ನು ತೆಗೆದುಕೊಂಡರು. ಮಾಮೂಲು ಚೌಕಟ್ಟಿನಲ್ಲಿ ಕಾಣುವುದು ಒತ್ತೊತ್ತಾಗಿ ನಿಂತ ಚೂಪು ಶಿಖರಗಳು. ಕೆಲವು ಎತ್ತರ, ಕೆಲವು ಗಿಡ್ಡ, ಅಷ್ಟೇ. ಗೆರೆಯ ಏರಿಳಿತಗಳು 45 ಡಿಗ್ರಿಯ ಸುತ್ತ ನಿಲ್ಲುವಂತೆ ಲೆಕ್ಕ ಹಾಕಿದಾಗ ಚೌಕಟ್ಟು ಅಗಲವಾದ, ತೀರಾ ಗಿಡ್ಡದಾದ ಪಟ್ಟಿಯಾಗುತ್ತದೆ. ನೋಡಿದರೆ ಕೆಲಸಕ್ಕೆ ಬಾರದ ಚಾರ್ಟ್ ಅನಿಸಬೇಕು. ಆದರೆ ಅದರಲ್ಲೇ ಗುಟ್ಟು ಬಯಲಾಗುತ್ತದೆ: ದೊಡ್ಡ ಶಿಖರಗಳು ಬೇಗ ಏರುತ್ತವೆ, ನಿಧಾನವಾಗಿ ಇಳಿಯುತ್ತವೆ. ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ, ಆಮೇಲೆ ಮೂಡಣಕ್ಕೆ ಮೆಲ್ಲಗೆ ಇಳಿಯುತ್ತಾ ಹೋದ ಹಾಗೆ. ಗಿಡ್ಡ ಶಿಖರಗಳಲ್ಲಿ ಈ ಓರೆ ಅಷ್ಟಾಗಿ ಇಲ್ಲ. ಖಗೋಳಜ್ಞರಿಗೆ ಇದು ಹೊಸ ಸುದ್ದಿಯಲ್ಲ. ಬಲವಾದ ಚಕ್ರಗಳು ಬೇಗ ಏರುತ್ತವೆ ಎಂದು ವಾಲ್ಡ್‌ಮೈಯರ್ 1935ರಲ್ಲೇ ಗುರುತಿಸಿದ್ದರು. ಹೊಸದು ಏನೆಂದರೆ, ಲೆಕ್ಕ ಹಾಕಿ ಕಂಡುಕೊಳ್ಳಬೇಕಾದದ್ದನ್ನು ಚಾರ್ಟಿನ ಎತ್ತರ ತಗ್ಗಿಸಿಯೇ ಕಾಣಬಹುದು ಎಂಬುದು.

ಒಂದೇ ದತ್ತಾಂಶಕ್ಕೆ ಎರಡು ಆಕಾರ ಬೇಕಾಗುವುದೂ ಉಂಟು. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತಿರುವ ಇಂಗಾಲದ ಡೈಆಕ್ಸೈಡಿನ ಗೆರೆ ಅಂಥದ್ದು. ಎತ್ತರದ ಚೌಕಟ್ಟಿನಲ್ಲಿ ವರ್ಷದಿಂದ ವರ್ಷಕ್ಕೆ ಏರಿಕೆಯೇ ಚುರುಕಾಗುತ್ತಿರುವುದು ಕಾಣುತ್ತದೆ. ಅಗಲದ ಪಟ್ಟಿಯಲ್ಲಿ ಮೇ ತಿಂಗಳಲ್ಲಿ ತುದಿ ಮುಟ್ಟಿ ಸೆಪ್ಟೆಂಬರ್ ಹೊತ್ತಿಗೆ ತಳ ಸೇರುವ ಋತುಗಳ ಏರಿಳಿತ ಕಾಣುತ್ತದೆ. ಇಂಥ ಬೇರೆ ಬೇರೆ ಆಕಾರಗಳನ್ನು ಕಂಪ್ಯೂಟರೇ ಹುಡುಕಿ ಕೊಡುವ ವಿಧಾನವನ್ನು ಜೆಫ್ರಿ ಹೀರ್ ಮತ್ತು ಮನೀಶ್ ಅಗ್ರವಾಲಾ 2006ರಲ್ಲಿ ಮುಂದಿಟ್ಟರು.

ಸಂಖ್ಯಾಶಾಸ್ತ್ರಜ್ಞರು ಬಳಸುವ ಆರ್ ಭಾಷೆಯ ಲ್ಯಾಟಿಸ್ ಪ್ಯಾಕೇಜಿನಲ್ಲಿ 45 ಡಿಗ್ರಿಯ ಈ ನಿಯಮ ಒಂದು ಚಿಕ್ಕ ಆಜ್ಞೆ. ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿಕೊಳ್ಳಬೇಕು, ಕಷ್ಟವೇನಿಲ್ಲ. ಸೌರಕಲೆಗಳನ್ನೇ ತೆಗೆದುಕೊಳ್ಳಿ: ಪ್ರತಿ ವರ್ಷದ ಬದಲಾವಣೆಯನ್ನು, ಏರಿಕೆಯೋ ಇಳಿಕೆಯೋ ನೋಡದೆ, ಪಕ್ಕದ ಕಾಲಂನಲ್ಲಿ ತೆಗೆದು ಅದರ ಮಧ್ಯಾಂಕ ಹಿಡಿಯಿರಿ. ಅದು 15 ಎನ್ನೋಣ. ಲಂಬ ಅಕ್ಷ 0ರಿಂದ 200, ಅಡ್ಡ ಅಕ್ಷ 175 ವರ್ಷ. 15ನ್ನು 200ರಿಂದ ಭಾಗಿಸಿ 175ರಿಂದ ಗುಣಿಸಿದರೆ ಸುಮಾರು 13. ಅಗಲದ 13ನೇ ಒಂದು ಭಾಗ ಎತ್ತರ ಇರಲಿ. ಈ ಅಳತೆ ಹೊರಗಿನ ಪೆಟ್ಟಿಗೆಯದ್ದಲ್ಲ, ಅಕ್ಷಗಳ ಒಳಗಿನ ಪ್ಲಾಟ್ ಏರಿಯಾದ್ದು. ಶೀರ್ಷಿಕೆ, ಲೆಜೆಂಡ್‌ಗಳು ಜಾಗ ಕಬಳಿಸಿದರೆ ಲೆಕ್ಕ ತಪ್ಪುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಪ್ರಾಪರ್ಟೀಸ್‌ನಲ್ಲಿ ‘ಡೋಂಟ್ ಮೂವ್ ಆರ್ ಸೈಜ್ ವಿತ್ ಸೆಲ್ಸ್’ ಆಯ್ದುಕೊಳ್ಳದಿದ್ದರೆ, ಚಾರ್ಟಿನ ಅಡಿಯ ನಾಲ್ಕು ಸಾಲುಗಳನ್ನು ಯಾರಾದರೂ ಫಿಲ್ಟರ್ ಮಾಡಿದ ಕೂಡಲೇ ಚಾರ್ಟೂ ಕುಗ್ಗುತ್ತದೆ.

ಕತೆ ಇಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಜಸ್ಟಿನ್ ಟಾಲ್ಬಟ್, ಜಾನ್ ಗರ್ತ್ ಮತ್ತು ಪ್ಯಾಟ್ ಹನ್ರಹಾನ್ ಕ್ಲೀವ್‌ಲ್ಯಾಂಡರ ಪ್ರಯೋಗವನ್ನು ಇನ್ನಷ್ಟು ಬಗೆಯ ಇಳಿಜಾರುಗಳಿಗೆ ವಿಸ್ತರಿಸಿ ನೋಡಿದರು. ಕಣ್ಣಿನ ತಪ್ಪು ಕನಿಷ್ಠವಾಗುವುದು 45 ಡಿಗ್ರಿಯಲ್ಲೇ ಎಂಬುದು ಸಾಮಾನ್ಯ ನಿಯಮವಾಗಿ ನಿಲ್ಲಲಿಲ್ಲ. ಜೊತೆಗೆ ಇನ್ನೊಂದು ಸಂಗತಿ ಸಿಕ್ಕಿತು, ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು: ಹೋಲಿಸಿ ನೋಡಲು ಒಂದು ಆಧಾರರೇಖೆ ಕಣ್ಣೆದುರಿಗಿದ್ದರೆ ಇಳಿಜಾರಿನ ಅಂದಾಜಿನಲ್ಲಿ ಆಗುವ ತಪ್ಪು ಸಾಕಷ್ಟು ತಗ್ಗುತ್ತದೆ. ಚಾರ್ಟ್ ಚೊಕ್ಕವಾಗಿ ಕಾಣಲೆಂದು ನಾವು ಮೊದಲು ಅಳಿಸುವುದೇ ಗ್ರಿಡ್‌ಲೈನ್‌ಗಳನ್ನು. ಅಳಿಸುವ ಬದಲು ತಿಳಿಬೂದು ಬಣ್ಣಕ್ಕೆ ಇಳಿಸಿದರೆ ಸಾಕು. ಎತ್ತರಕ್ಕೆ ಮಾತ್ರ ನಾನು ಈಗಲೂ 1988ರ ಲೆಕ್ಕದಿಂದಲೇ ಶುರುಮಾಡಿ, ಗೆರೆ ಏನು ಹೇಳುತ್ತದೆ ನೋಡಿಕೊಂಡು ತುಸು ಏರಿಸಿ ಇಳಿಸುತ್ತೇನೆ.